ಪಕ್ಕದ ಮನೆಯ ನೀರು

ಆರು ತಿಂಗಳಿಗೆ ಆರುನೂರ ಹನ್ನೆರಡು ಪೌಂಡು.
ಮೊದಲು ಓದಿದ್ದು ನಾನು, ನಿಂತೇ ಓದಿದೆ,
ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟಿತ್ತು.
ಆಮೇಲೆ ಬಸವಪ್ರಭು ಕನ್ನಡಕ ಹಾಕಿ,
ತೆಗೆದು, ಒರೆಸಿ, ಮತ್ತೆ ಹಾಕಿ ಓದಿದರು,
ಅಂಕಿಗೇ ಕೊಳೆ ಹತ್ತಿದೆಯೋ ಎಂಬಂತೆ.

ನಮ್ಮೂರಲ್ಲಿ ದುಡ್ಡನ್ನು ನೀರಿನ ಹಾಗೆ ಚೆಲ್ಲಬೇಡ ಅಂತಿದ್ದರು.
ಪೋರ್ಟ್ ಟಾಲ್ಬಟ್‌ಗೆ ಬಂದು,
ಎರಡು ಬೀದಿ ಆಚೆ ಕಡಲಿರುವಾಗ,
ನೀರನ್ನು ದುಡ್ಡಿನ ಹಾಗೆ ಚೆಲ್ಲಬೇಡ ಅಂತ
ನಾನು ಮಗಳಿಗೆ ಹೇಳತೊಡಗಿದೆ.

ನೀಲುಗೆ ಹದಿನಾರು. ಬಾತ್‌ರೂಮಿನ ಬಾಗಿಲಿಗೆ
ಅಡುಗೆಮನೆಯ ಟೈಮರ್ ಹಿಡಿದು ನಿಂತೆ.
ನಾಲ್ಕು ನಿಮಿಷ ಅಂದೆ. ಐದಾದಾಗ ಬಡಿದೆ.
ತಲೆತುಂಬ ನೊರೆ ಇಟ್ಟುಕೊಂಡೇ ಹೊರಬಂದು
ಅವಳು ನೋಡಿದ ಆ ನೋಟಕ್ಕೆ
ಇನ್ನೂ ಯಾರೂ ಮೀಟರ್ ಕೂಡಿಸಿಲ್ಲ.
ಅಕ್ಕಿ ತೊಳೆದ ನೀರು ಹೂವಿನ ಕುಂಡಕ್ಕೆ,
ಕುಂಡದ ತಟ್ಟೆಗೆ ಇಳಿದದ್ದು ಮೆಟ್ಟಿಲು ಒರೆಸಲಿಕ್ಕೆ.
ಮುಂದಿನ ಬಿಲ್ಲು ಬಂತು:
ಹತ್ತು ಪೌಂಡು ಹೆಚ್ಚು.

ಎಲ್ಲೋ ಸೋರುತ್ತಿದೆ ಅಂದಳು ಫೋನಿನ ಹುಡುಗಿ,
ಕಕ್ಕಸಿನ ತೊಟ್ಟಿಗೆ ಬಣ್ಣ ಹಾಕಿ ನೋಡಿ.
ಮಸಾಲೆ ಡಬ್ಬಿಯ ಹಿಂದೆ ಕೇಸರಿಬಾತಿನ ಬಣ್ಣವಿತ್ತು.
ಚಿಟಿಕೆ ಹಾಕಿ ಕಾದೆವು, ಮೂವರೂ,
ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿ
ಸಾರಿಗೆ ಕೂತವರ ಹಾಗೆ.
ಅರ್ಧ ತಾಸಾದರೂ ಬೋಗುಣಿ ಬೆಳ್ಳಗೇ ಇತ್ತು.

ಭಾನುವಾರ ಮನೆಯ ಮುಖ್ಯ ನಲ್ಲಿ ಬಂದ್ ಮಾಡಿ,
ಫುಟ್‌ಪಾತಿನ ಮುಚ್ಚಳ ಎತ್ತಿ, ಮೊಣಕಾಲೂರಿ
ಬಸವಪ್ರಭು ಟಾರ್ಚ್ ಬಿಟ್ಟರು.
ಒಂದು ಬಸವನಹುಳು, ಒಂದು ಐಸ್‌ಕ್ರೀಮ್ ಕಡ್ಡಿ,
ಗಾಜಿನ ಕೆಳಗೆ ಚಿಕ್ಕ ಕೆಂಪು ಚಕ್ರ.
ಮನೆಯಲ್ಲಿ ಹನಿ ನೀರಿಲ್ಲ.
ಚಕ್ರ ತಿರುಗುತ್ತಲೇ ಇತ್ತು.

ಆಗ ರಾತ್ರಿಯ ಆ ಸದ್ದು ನೆನಪಾಯಿತು:
ಎರಡು ವರ್ಷದಿಂದ ತಲೆದಿಂಬಿನ ಹಿಂದಿನ ಗೋಡೆಯೊಳಗೆ
ಸುಯ್ ಅಂತ ಒಂದೇ ಸಮ.
ಸಮುದ್ರ ಅಂದುಕೊಂಡಿದ್ದೆ.
ನಮಗೆ ಮಲಗಿದಲ್ಲೇ ಸಮುದ್ರ ಕೇಳುತ್ತದೆ ಅಂತ
ತವರಿಗೆ ಫೋನಿನಲ್ಲಿ ಜಂಬ ಕೊಚ್ಚಿಯೂ ಇದ್ದೆ.

ಗೋಡೆಯಾಚೆ ಗ್ಲಿನ್ ಪ್ರಾಸರ್.
ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ;
ಕಿವಿ ಅಲ್ಲೇ ಬಿಟ್ಟು ಬಂದವನು.
ಬಾಗಿಲು ಬಡಿದರೆ ನಾಯಿಗೆ ಕೇಳಿಸಿ
ನಾಯಿ ಹೋಗಿ ಅವನನ್ನು ಕರೆತರುತ್ತದೆ.
ಕೈಸನ್ನೆ, ಚೀಟಿ, ಕೂಗು: ಅಡುಗೆಮನೆಯ ನಲ್ಲಿ ಬಿಡಿ!
ಬಿಟ್ಟ. ಹೊರಗೆ ಬಸವಪ್ರಭು ಕೈ ಎತ್ತಿದರು.
ಕೆಂಪು ಚಕ್ರಕ್ಕೆ ಹುಚ್ಚು ಹಿಡಿದಿತ್ತು.

ಕೇಸರಿ ಬಣ್ಣ ಗೋಡೆ ದಾಟಿ ಹೋಯಿತು.
ಐದೇ ನಿಮಿಷಕ್ಕೆ ಗ್ಲಿನ್‌ನ ಬೋಗುಣಿ
ಮದುವೆಮನೆಯ ಸಿಹಿಯ ಬಣ್ಣ.
ಬ್ಲಡಿ ಹೆಲ್ ಅಂದ. ನಾಯಿ ಮೂಸಿ ನೋಡಿತು.

ಮೀಟರ್ ಕೂಡಿಸಿದವರು ಅದಲುಬದಲು ಮಾಡಿದ್ದರು.
ಅವನ ಸೋರಿಕೆ ನಮ್ಮ ತಲೆಗೆ,
ನಮ್ಮ ಮೂವರ ಮಿಂದದ್ದು, ಒಗೆದದ್ದು ಅವನ ತಲೆಗೆ.
ಒಂಟಿ ಮನುಷ್ಯನಿಗೆ ಇಷ್ಟೇಕೆ ಅಂತ
ವಾರಕ್ಕೊಂದೇ ಸ್ನಾನಕ್ಕೆ ಇಳಿದಿದ್ದ; ನಾಯಿಗೆ ಅದೂ ಇಲ್ಲ.
ಈ ಸಲ ಬಿಲ್ಲು ತಾನಾಗಿಯೇ ಇಳಿಯಿತು,
ಯಾಕೋ ಗೊತ್ತಾಗಲಿಲ್ಲ ಅಂದ.
ನಾನು ನೀಲುವಿನ ಮುಖ ನೋಡಲಿಲ್ಲ.

ಪತ್ರ ಬರೆಯಿರಿ, ಆರು ವಾರ ಅಂತು ಕಂಪನಿ.
ಆ ದುಡ್ಡಿಗೆ ನಾನು ಎಳ್ಳುನೀರು ಬಿಟ್ಟೆ.
ಗ್ಲಿನ್ ಬಿಡಲಿಲ್ಲ. ಕುದುರೆ ರೇಸಿನ ಚೀಟಿಯ ಬೆನ್ನಿಗೆ
ಕೂಡಿ ಕಳೆದು, ಸೋರಿದ್ದು ನನ್ನದು ಅಂತ ಬರೆದು,
ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಪೌಂಡು
ನಮ್ಮ ಹಾಲಿನ ಬಾಟಲಿಯ ಕೆಳಗೆ ಇಡುತ್ತಾನೆ.
ನೋಟು ಸದಾ ಒದ್ದೆ.

ನಾಲ್ಕು ಪೌಂಡಿನ ರಬ್ಬರ್ ಬಳೆಯೊಂದು ಬದಲಾಯಿಸಿದ ರಾತ್ರಿ
ಸಮುದ್ರ ನಿಂತುಹೋಯಿತು.
ನಿದ್ದೆ ಬರಲಿಲ್ಲ.

ಬೆಳಗ್ಗೆ ಟೈಮರನ್ನು ಡ್ರಾಯರಿಗೆ ಹಾಕಿ
ಮೆಟ್ಟಿಲ ಮೇಲೆ ಕೂತೆ. ನೀಲು ಮಾತಿಲ್ಲದೆ
ಟವಲ್ ಹೊತ್ತು ನನ್ನನ್ನು ದಾಟಿ ಹೋದಳು.
ಚಿಲಕ. ಆಮೇಲೆ ನೀರು.
ಇಪ್ಪತ್ತೆರಡು ನಿಮಿಷ.
ಎಣಿಸಲಿಲ್ಲ ಅಂದರೆ ಸುಳ್ಳಾಗುತ್ತದೆ.